ಮುಂಬಯಿಯಿಂದ ಲಂಡನ್, ನ್ಯೂಯಾರ್ಕ್‌ಗೆ: ವಿಮಾನದ ದೂರ ಮತ್ತು ಪ್ರಯಾಣದ ಸಮಯವನ್ನು ತಪ್ಪಿಲ್ಲದೆ ಲೆಕ್ಕ ಹಾಕುವ ಕ್ರಮ

ಟಿಕೆಟ್‌ನಲ್ಲಿ ಮುಂಬಯಿ ಬಿಡುವುದು ರಾತ್ರಿ 1:30, ನ್ಯೂಯಾರ್ಕ್ ತಲುಪುವುದು ಬೆಳಿಗ್ಗೆ 7:00 ಎಂದಿರುತ್ತದೆ. ಮನೆಯಲ್ಲಿ ಹಿರಿಯರು ‘ಐದೂವರೆ ಗಂಟೆ ತಾನೆ’ ಅನ್ನುತ್ತಾರೆ. ದೂರವನ್ನು 900ರಿಂದ ಭಾಗಿಸಿದವರಿಗೆ 14 ಗಂಟೆ ಸಿಗುತ್ತದೆ. ಏರ್‌ಲೈನ್‌ನ ಪುಟದಲ್ಲಿ 16 ಗಂಟೆ ಎಂದಿರುತ್ತದೆ. ಇಷ್ಟು ಗೊಂದಲ ಹುಟ್ಟುವುದು ಹೆಜ್ಜೆಗಳ ಕ್ರಮ ತಪ್ಪುವುದರಿಂದ. ಎರಡು ಊರಿನ ಗಡಿಯಾರಗಳನ್ನು ಒಂದು ಮಾಡುವ ಮೊದಲೇ ಕಳೆಯಲು ಕೂರುತ್ತಾರೆ, ಯಾವ ನಿಲ್ದಾಣ ಎಂದು ಗೊತ್ತು ಮಾಡಿಕೊಳ್ಳುವ ಮೊದಲೇ ದೂರ ಹುಡುಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಬೇಕಾಗುವ ಸಾಮಾನು: ಟಿಕೆಟ್ ಅಥವಾ ವೇಳಾಪಟ್ಟಿ, ಸೈನ್ ಮತ್ತು ಕಾಸ್ ಇರುವ ಕ್ಯಾಲ್ಕ್ಯುಲೇಟರ್ (ಹೆಚ್ಚಿನ ಫೋನುಗಳಲ್ಲಿ ಅಡ್ಡ ಹಿಡಿದರೆ ಬರುತ್ತದೆ), ಕಾಗದ, ಪೆನ್ಸಿಲ್. ಮನೆಯಲ್ಲಿ ಮಕ್ಕಳ ಭೂಗೋಳ (ಗ್ಲೋಬ್) ಇದ್ದರೆ ಅದೂ ಒಂದು ದಾರವೂ ಹತ್ತಿರವಿರಲಿ.

ಹಂತ 1: ಊರಲ್ಲ, ನಿಲ್ದಾಣ ಹಿಡಿಯಿರಿ

ವಿಮಾನದ ದೂರವನ್ನು ಎರಡು ನಿಲ್ದಾಣಗಳ ನಡುವೆ ಅಳೆಯುತ್ತಾರೆ. ನಮ್ಮ ಕಡೆ ಈ ಹಂತದಲ್ಲೇ ಎಡವಟ್ಟಾಗುತ್ತದೆ. ಮುಂಬಯಿಯ ಹಳೆಯ ನಿಲ್ದಾಣದ ಕೋಡ್ ಬಿಒಎಂ. 2025ರಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ನಿಲ್ದಾಣದ್ದು ಎನ್‌ಎಂಐ. ಗೋವಾದಲ್ಲಿ ದಾಬೋಲಿಂ ಎಂದರೆ ಜಿಒಐ, 2023ರ ಜನವರಿಯಲ್ಲಿ ಶುರುವಾದ ಮೋಪಾ ಎಂದರೆ ಜಿಒಎಕ್ಸ್. ಪುಣೆಯ ಲೋಹಗಾಂವ್ ಪಿಎನ್‌ಕ್ಯೂ. ಲಂಡನ್‌ನಲ್ಲಿ ಹೀಥ್ರೋ, ಗ್ಯಾಟ್ವಿಕ್ ಬೇರೆ ಬೇರೆ. ನ್ಯೂಯಾರ್ಕ್ ಎಂದು ಹುಡುಕಿದರೆ ಜೆಎಫ್‌ಕೆಯೂ ಬರುತ್ತದೆ, ನ್ಯೂಜೆರ್ಸಿಯ ನೆವಾರ್ಕ್ ಕೂಡ ಬರುತ್ತದೆ.

ಆಕಾಶದಲ್ಲಿ ಇದರಿಂದ ಆಗುವ ವ್ಯತ್ಯಾಸ ಹತ್ತಾರು ಕಿಲೋಮೀಟರ್ ಮಾತ್ರ, ಅದನ್ನು ಮರೆತರೂ ನಡೆಯುತ್ತದೆ. ನೆಲದ ಮೇಲೆ ಹಾಗಲ್ಲ. ಮಡಗಾಂವ್‌ನವರು ದಾಬೋಲಿಂ ಎಂದುಕೊಂಡು ಟ್ಯಾಕ್ಸಿ ಹೇಳಿ, ಟಿಕೆಟ್ ಮೋಪಾದ್ದಾಗಿದ್ದರೆ ಗೋವಾದ ಒಂದು ತುದಿಯಿಂದ ಇನ್ನೊಂದಕ್ಕೆ ಓಡಬೇಕು. ಎರಡು ನಿಲ್ದಾಣಗಳ ನಡುವೆ ರಸ್ತೆಯಲ್ಲಿ ಒಂದೂವರೆ ಗಂಟೆಗೆ ಕಡಿಮೆಯಿಲ್ಲ. ಆದ್ದರಿಂದ ಮೂರಕ್ಷರದ ಕೋಡನ್ನು ಟಿಕೆಟ್ ನೋಡಿಯೇ ಬರೆದುಕೊಳ್ಳಿ, ನೆನಪಿನಿಂದ ಬೇಡ.

ಹಂತ 2: ದೂರ ಲೆಕ್ಕ ಹಾಕಿ

ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಹತ್ತಿರದ ದಾರಿಯಲ್ಲ. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿ ಭೂಪಟದಲ್ಲಿ ಉತ್ತರಕ್ಕೆ ಬಾಗಿದ ಕಮಾನಿನಂತೆ ಕಾಣುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಗೋಳದ ಮೇಲೆ ಮುಂಬಯಿಗೂ ನ್ಯೂಯಾರ್ಕಿಗೂ ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಪಶ್ಚಿಮಕ್ಕೆ ಅರಬ್ಬಿ ಸಮುದ್ರದತ್ತ ಹೋಗುವುದಿಲ್ಲ. ಅಫ್ಘಾನಿಸ್ತಾನ, ತುರ್ಕಮೆನಿಸ್ತಾನದ ಮೇಲೆ ಹಾದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಬಳಿ ಸಾಗಿ, ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿ ಸವರಿಕೊಂಡು ಕೆನಡಾ ಕಡೆಯಿಂದ ಇಳಿಯುತ್ತದೆ. ಈ ದಾರಿ ಸುಮಾರು 12,540 ಕಿ.ಮೀ. ಸಾಮಾನ್ಯ ಭೂಪಟದ ಸರಳರೇಖೆಯನ್ನೇ ಹಿಡಿದು ಹೋದರೆ 14,200 ಕಿ.ಮೀ. ದಾಟುತ್ತದೆ.

ಲೆಕ್ಕಕ್ಕೆ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು. ಮುಂಬಯಿ: 19.089 ಉತ್ತರ, 72.868 ಪೂರ್ವ. ಹೀಥ್ರೋ: 51.471 ಉತ್ತರ, 0.462 ಪಶ್ಚಿಮ. ಸೂತ್ರ ಇದು:

ಕೋನದ ಕಾಸ್ = ಸೈನ್(ಮೊದಲ ಅಕ್ಷಾಂಶ) × ಸೈನ್(ಎರಡನೇ ಅಕ್ಷಾಂಶ) + ಕಾಸ್(ಮೊದಲ ಅಕ್ಷಾಂಶ) × ಕಾಸ್(ಎರಡನೇ ಅಕ್ಷಾಂಶ) × ಕಾಸ್(ರೇಖಾಂಶಗಳ ವ್ಯತ್ಯಾಸ)

ಮುಂಬಯಿ–ಹೀಥ್ರೋಗೆ ಮೊದಲ ಗುಣಲಬ್ಧ 0.2558, ಎರಡನೆಯದು 0.1689, ಮೊತ್ತ 0.4247. ಕಾಸ್‌ನ ವಿಲೋಮ (cos⁻¹ ಗುಂಡಿ) ಒತ್ತಿದರೆ 64.87 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಹಾಗಾಗಿ ದೂರ ಸುಮಾರು 7,210 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲದ್ದರಿಂದ ಇಂಥ ಲೆಕ್ಕ ಅರ್ಧ ಶೇಕಡದಷ್ಟು ಆಚೀಚೆ ಆಗಬಹುದು. ಪ್ರಯಾಣದ ಯೋಜನೆಗೆ ಅಷ್ಟು ಸಾಕೇ ಸಾಕು.

ಎರಡು ಕಡೆ ಕೈ ತಪ್ಪುತ್ತದೆ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಲೇಬೇಕು, ಅಂದರೆ ಪೂರ್ವ–ಪಶ್ಚಿಮದ ನಡುವೆ ವ್ಯತ್ಯಾಸ ತೆಗೆಯುವಾಗ ಎರಡನ್ನೂ ಕೂಡಬೇಕು: 72.868 + 0.462 = 73.33. ಲಂಡನ್ ವಿಷಯದಲ್ಲಿ ಇದನ್ನು ಮರೆತರೆ 60 ಕಿ.ಮೀ. ಚಿಲ್ಲರೆ ಮಾತ್ರ ಕಡಿಮೆ ಬರುವುದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ನ್ಯೂಯಾರ್ಕ್‌ಗೆ ಮರೆತರೆ ಉತ್ತರ 2,400 ಕಿ.ಮೀ. ಬರುತ್ತದೆ, ಲೆಕ್ಕದಲ್ಲಿ ನೀವು ಇಳಿದಿರುವುದು ಕಿರ್ಗಿಸ್ತಾನದ ಬೆಟ್ಟಗಳಲ್ಲಿ. ಎರಡನೆಯದು, ಕ್ಯಾಲ್ಕ್ಯುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿ. ಪರೀಕ್ಷೆ ಸುಲಭ: ಸೈನ್ 30 ಒತ್ತಿ, 0.5 ಬಂದರೆ ಸರಿ. ಎಕ್ಸೆಲ್, ಗೂಗಲ್ ಶೀಟ್ಸ್ ಎರಡೂ ರೇಡಿಯನ್‌ನಲ್ಲೇ ಲೆಕ್ಕ ಮಾಡುತ್ತವೆ, ಅಲ್ಲಿ ಪ್ರತಿ ಡಿಗ್ರಿಯನ್ನೂ ಮೊದಲು ಪರಿವರ್ತಿಸಿಕೊಳ್ಳಬೇಕು.

ಹಂತ 3: ಮೈಲಿಯೋ ಕಿಲೋಮೀಟರೋ ನೋಡಿ

1 ಮೈಲಿ 1.609 ಕಿ.ಮೀ.; ವಿಮಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಮುಂಬಯಿ–ಲಂಡನ್ ಒಂದು ಕಡೆ 4,480, ಇನ್ನೊಂದು ಕಡೆ 3,890, ಮತ್ತೊಂದು ಕಡೆ 7,210 ಎಂದು ಕಂಡರೆ ಮೂರೂ ಒಂದೇ ದೂರ.

ಹಂತ 4: ಹಾರಾಟದ ಸಮಯ ಅಂದಾಜು ಮಾಡಿ

ದೊಡ್ಡ ವಿಮಾನಗಳು 35,000 ಅಡಿ ಎತ್ತರದಲ್ಲಿ ಗಾಳಿಗೆ ಹೋಲಿಸಿದರೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ದೂರವನ್ನು ಇದರಿಂದ ಭಾಗಿಸಿ ಕೈ ತೊಳೆದುಕೊಂಡರೆ ಉತ್ತರ ಒಂದರಿಂದ ಎರಡು ಗಂಟೆ ಕಡಿಮೆ ಬರುತ್ತದೆ. ಮೂರು ತಿದ್ದುಪಡಿ ಬೇಕು.

ದಾರಿ ಸುತ್ತು. ಮಹಾವೃತ್ತದ ಮೇಲೆಯೇ ಹಾರಲು ಯಾರಿಗೂ ಸಿಗುವುದಿಲ್ಲ. ನಿಗದಿತ ವಾಯುಮಾರ್ಗಗಳು, ಯುದ್ಧ ಪ್ರದೇಶಗಳು, ಮುಚ್ಚಿದ ವಾಯುಪ್ರದೇಶಗಳು ಅಡ್ಡ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ಏರ್‌ಲೈನ್‌ಗಳಿಗೆ ಮುಚ್ಚಿತು. ಇದರ ಪೆಟ್ಟು ದಿಲ್ಲಿಯ ಹಾರಾಟಗಳಿಗೆ ಜೋರಾಗಿಯೇ ಬಿತ್ತು, ಮುಂಬಯಿಯವು ಅರಬ್ಬಿ ಸಮುದ್ರದ ಮೇಲೆ ಹಾಯಬಲ್ಲವಾದ್ದರಿಂದ ಅಷ್ಟು ಬೀಳಲಿಲ್ಲ. ರಷ್ಯಾದ ಆಕಾಶ 2022ರಿಂದ ಯುರೋಪ್, ಅಮೆರಿಕದ ಏರ್‌ಲೈನ್‌ಗಳಿಗೆ ಬಂದ್ ಆಗಿದೆ. ಅಂದರೆ ಅದೇ ಎರಡು ಊರು, ಅದೇ ದಿನ, ಏರ್‌ಲೈನ್ ಬೇರೆಯಾದರೆ ದಾರಿಯೂ ಬೇರೆ. ಸಾಮಾನ್ಯ ಅಂದಾಜಿಗೆ 5 ಶೇಕಡ ಸೇರಿಸಿ: 7,210 ಹೋಗಿ 7,570 ಆಯಿತು.

ಗಾಳಿ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಬಲವಾಗಿರುತ್ತದೆ. ಮುಂಬಯಿಯಿಂದ ಲಂಡನ್‌ಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಸರಾಸರಿ ಲೆಕ್ಕಕ್ಕೆ ಪಶ್ಚಿಮಕ್ಕೆ ಹೋಗುವಾಗ ಗಂಟೆಗೆ 850, ಪೂರ್ವಕ್ಕೆ ಬರುವಾಗ 950 ಇಟ್ಟುಕೊಳ್ಳಿ.

ನೆಲದ ಮೇಲಿನ ಓಡಾಟ, ಏರಿಕೆ, ಇಳಿಕೆ. ಇದಕ್ಕೆ ಒಟ್ಟು 40 ನಿಮಿಷ. ವೇಳಾಪಟ್ಟಿಯಲ್ಲಿ ಬರೆದಿರುವುದು ವಿಮಾನ ಗೇಟು ಬಿಟ್ಟ ಹೊತ್ತಿನಿಂದ ಇನ್ನೊಂದು ಗೇಟು ಮುಟ್ಟಿದ ಹೊತ್ತಿನವರೆಗಿನ ಸಮಯ. ಚಕ್ರ ನೆಲ ಬಿಡುವುದು ಅದಕ್ಕಿಂತ ಇಪ್ಪತ್ತು ಮೂವತ್ತು ನಿಮಿಷ ತಡ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನಡೆಸಲಾಗುವುದಿಲ್ಲ. ರಾತ್ರಿ ಹಾರಾಟಗಳ ದಟ್ಟಣೆಯಲ್ಲಿ ಸಾಲಿನಲ್ಲಿ ನಿಂತು ಕಾಯುವುದು, ಜುಲೈ ಮಳೆಯಲ್ಲಿ ಇಳಿಯುವ ಮೊದಲು ಮೇಲೆ ಸುತ್ತುವುದು ಇಲ್ಲಿ ಹೊಸದಲ್ಲ.

ಹೋಗುವಾಗ: 7,570 ÷ 850 = 8.9 ಗಂಟೆ, ಜೊತೆಗೆ 40 ನಿಮಿಷ, ಒಟ್ಟು ಒಂಬತ್ತೂವರೆ ಗಂಟೆ. ಬರುವಾಗ: 7,570 ÷ 950 = 7.97 ಗಂಟೆ, ಜೊತೆಗೆ 40 ನಿಮಿಷ, ಎಂಟು ಗಂಟೆ 40 ನಿಮಿಷದಷ್ಟು. ಏರ್‌ಲೈನ್‌ಗಳು ತಡವಾದರೂ ಸಮಯಕ್ಕೆ ತಲುಪಿದಂತೆ ಕಾಣಲೆಂದು ಇದರ ಮೇಲೆ ಹದಿನೈದು ಮೂವತ್ತು ನಿಮಿಷ ಸೇರಿಸಿಯೇ ವೇಳಾಪಟ್ಟಿ ಹಾಕುತ್ತವೆ.

ಎಚ್ಚರಿಕೆ: 8.9 ಗಂಟೆ ಎಂದರೆ 8 ಗಂಟೆ 54 ನಿಮಿಷ. ದಶಾಂಶದ ಭಾಗವನ್ನು 60ರಿಂದ ಗುಣಿಸಿ ನಿಮಿಷ ಮಾಡಿಕೊಳ್ಳಿ. 9.57 ಗಂಟೆಯನ್ನು ‘ಒಂಬತ್ತು ಐವತ್ತೇಳು’ ಎಂದು ಓದಿದರೆ 23 ನಿಮಿಷ ಹೆಚ್ಚು ಹಿಡಿದಂತೆ.

ಹಂತ 5: ಗಡಿಯಾರ ಒಂದು ಮಾಡಿ, ಆಮೇಲೆ ಕಳೆಯಿರಿ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ನೇರವಾಗಿ ಕಳೆಯಬಾರದು. ತಲುಪುವ ಸಮಯವನ್ನು ಭಾರತದ ಸಮಯಕ್ಕೆ ತಂದು, ದಿನಾಂಕವನ್ನೂ ಪಕ್ಕದಲ್ಲೇ ಬರೆದು, ನಂತರ ಕಳೆಯಿರಿ.

ಭಾರತದ ಸಮಯಕ್ಕೆ ತರಲು ಸೇರಿಸಬೇಕಾದ್ದು:

ದುಬೈ: ವರ್ಷವಿಡೀ 1:30
ಫ್ರಾಂಕ್‌ಫರ್ಟ್: ಚಳಿಗಾಲ 4:30, ಬೇಸಿಗೆ 3:30
ಲಂಡನ್: ಚಳಿಗಾಲ 5:30, ಬೇಸಿಗೆ 4:30
ನ್ಯೂಯಾರ್ಕ್, ಟೊರಾಂಟೊ: ಚಳಿಗಾಲ 10:30, ಬೇಸಿಗೆ 9:30
ಸ್ಯಾನ್ ಫ್ರಾನ್ಸಿಸ್ಕೊ: ಚಳಿಗಾಲ 13:30, ಬೇಸಿಗೆ 12:30

ಸಿಂಗಪುರಕ್ಕೆ ಸೇರಿಸುವುದಲ್ಲ, 2:30 ಕಳೆಯಬೇಕು, ಅದು ನಮಗಿಂತ ಮುಂದಿದೆ.

ಶುರುವಿನ ನ್ಯೂಯಾರ್ಕ್ ಟಿಕೆಟ್ ತೆಗೆದುಕೊಳ್ಳಿ. ಚಳಿಗಾಲ, ಬೆಳಿಗ್ಗೆ 7:00ಕ್ಕೆ 10:30 ಸೇರಿಸಿದರೆ ಭಾರತದಲ್ಲಿ ಅದೇ ದಿನ ಸಂಜೆ 17:30. ಅದರಿಂದ 1:30 ಕಳೆದರೆ 16 ಗಂಟೆ. ಬರುವಾಗ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 12:00ಕ್ಕೆ ಹೊರಟರೆ ಭಾರತದಲ್ಲಿ ಆಗ ರಾತ್ರಿ 22:30. ಹದಿನಾಲ್ಕು ಗಂಟೆಯ ಹಾರಾಟವಾದರೆ ಮುಂಬಯಿ ತಲುಪುವುದು ಮರುದಿನ ಮಧ್ಯಾಹ್ನ 12:30. ಟಿಕೆಟ್‌ನಲ್ಲಿ ತಲುಪುವ ಸಮಯದ ಮೇಲೆ ಪುಟ್ಟದಾಗಿ ‘+1’ ಎಂದಿರುವುದು ಈ ಮರುದಿನಕ್ಕೆ. ಅದನ್ನು ಓದದೆ ಮುಂಬಯಿಯಿಂದ ಮಂಗಳೂರಿಗೆ ಹಿಂದಿನ ದಿನದ ವಿಮಾನ ಬುಕ್ ಮಾಡುವವರು ಕಡಿಮೆಯಿಲ್ಲ.

ಬೇಸಿಗೆ ಸಮಯದ ಬದಲಾವಣೆ ಒಂದೇ ದಿನ ಎಲ್ಲ ಕಡೆ ಆಗುವುದಿಲ್ಲ, ಇದು ಅನುಭವಿಗಳನ್ನೂ ಬೀಳಿಸುತ್ತದೆ. ಬ್ರಿಟನ್ ಮತ್ತು ಯುರೋಪ್ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಮುಂದಿಟ್ಟು ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಿಡುತ್ತವೆ. ಅಮೆರಿಕ, ಕೆನಡಾಗಳಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. 2026ರಲ್ಲಿ ಅಮೆರಿಕ ಮಾರ್ಚ್ 8ಕ್ಕೆ ಬದಲಾದರೆ ಬ್ರಿಟನ್ ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ಲಂಡನ್ ಇನ್ನೂ ಚಳಿಗಾಲದ ಲೆಕ್ಕದಲ್ಲಿರುತ್ತದೆ, ನ್ಯೂಯಾರ್ಕ್ ಬೇಸಿಗೆಗೆ ಬಂದಾಗಿರುತ್ತದೆ. ಲಂಡನ್‌ನಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗುವವರು ಆ ದಿನಗಳಲ್ಲಿ ಎರಡು ಊರಿನ ವ್ಯತ್ಯಾಸವನ್ನೂ ಬೇರೆ ಬೇರೆಯಾಗಿ ನೋಡಲೇಬೇಕು. ಭಾರತದ ಗಡಿಯಾರ ಬದಲಾಗುವುದಿಲ್ಲ, ಅದಕ್ಕೇ ಎಲ್ಲವನ್ನೂ ಅದಕ್ಕೆ ತರುವುದು ಒಳ್ಳೆಯದು.

ಹಂತ 6: ತಾಳೆ ನೋಡಿ

ಹಂತ 2ರ ದೂರವನ್ನು, ಹಂತ 5ರಲ್ಲಿ ಸಿಕ್ಕ ಸಮಯದಿಂದ 40 ನಿಮಿಷ ತೆಗೆದು ಉಳಿದದ್ದರಿಂದ ಭಾಗಿಸಿ. ದೂರದ ನೇರ ಹಾರಾಟದಲ್ಲಿ ಪಶ್ಚಿಮಕ್ಕೆ ಹೋಗುವಾಗ ಗಂಟೆಗೆ ಸುಮಾರು 740ರಿಂದ 830, ಪೂರ್ವಕ್ಕೆ ಬರುವಾಗ 840ರಿಂದ 950 ಬರಬೇಕು. ಮೇಲಿನ ನ್ಯೂಯಾರ್ಕ್ ಹಾರಾಟಕ್ಕೆ 12,540 ÷ 15.33 = 818, ಸರಿ ಇದೆ.

ಈಗ ಮುಂಬಯಿ ಬಿಡುವುದು 02:30, ಹೀಥ್ರೋ ತಲುಪುವುದು 07:10 ಎಂದಿಟ್ಟುಕೊಳ್ಳಿ. ಚಳಿಗಾಲವಾದರೆ 07:10 ಎಂದರೆ ಭಾರತದ 12:40. ಪ್ರಯಾಣ 10 ಗಂಟೆ 10 ನಿಮಿಷ, ವೇಗ 759. ಸರಿ. ನೀವು ತಪ್ಪಿ ಬೇಸಿಗೆಯ ವ್ಯತ್ಯಾಸ ಹಾಕಿದ್ದರೆ 9 ಗಂಟೆ 10 ನಿಮಿಷ, ವೇಗ 848. ಎದುರುಗಾಳಿಯಲ್ಲಿ ಹೋಗುವ ವಿಮಾನಕ್ಕೆ ಇದು ಹೆಚ್ಚಾಯಿತು ಎಂದ ಕೂಡಲೇ ಋತು ನೋಡಲು ಹಿಂದಿರುಗಬೇಕು. ವೇಗ 1,000 ದಾಟಿದರೆ ಗಡಿಯಾರ ತಪ್ಪಿದೆ. 600ಕ್ಕಿಂತ ಕೆಳಗೆ ಬಂದರೆ ದಾರಿಯಲ್ಲಿ ನಿಲುಗಡೆ ಇದೆ, ಇಲ್ಲವೇ ಮೈಲಿಯನ್ನು ಕಿಲೋಮೀಟರ್ ಎಂದುಕೊಂಡಿದ್ದೀರಿ. ದುಬೈಯಂಥ ಹತ್ತಿರದ ದಾರಿಗೆ ಈ ಮಿತಿ ಹೊಂದುವುದಿಲ್ಲ. ಏರಿಕೆ ಇಳಿಕೆಯಲ್ಲೇ ಹೆಚ್ಚು ಹೊತ್ತು ಹೋಗುವುದರಿಂದ ಅಲ್ಲಿ 700ರ ಸುತ್ತಮುತ್ತ ಬಂದರೂ ತಪ್ಪಲ್ಲ.

ಹಂತ 7: ನಡುವೆ ವಿಮಾನ ಬದಲಿಸುವುದಿದ್ದರೆ

ಪ್ರತಿ ತುಂಡಿನ ದೂರವನ್ನೂ ಬೇರೆಯಾಗಿ ತೆಗೆದು ಕೂಡಿ. ಫಲಿತಾಂಶ ಹಲವರ ಊಹೆಗೆ ವಿರುದ್ಧ. ಮುಂಬಯಿ–ದುಬೈ 1,925, ದುಬೈ–ಹೀಥ್ರೋ 5,500, ಒಟ್ಟು 7,425 ಕಿ.ಮೀ. ನೇರ ದಾರಿಗಿಂತ ಬರೀ 215 ಹೆಚ್ಚು. ಫ್ರಾಂಕ್‌ಫರ್ಟ್ ಮೂಲಕ 7,225, ಸುತ್ತು ಎಂದು ಹೇಳಲೂ ಆಗದು. ದಿಲ್ಲಿ ಮೂಲಕ ಹೋದರೆ 7,870. ಅಂದರೆ ‘ನಮ್ಮ ದೇಶದಲ್ಲೇ ಬದಲಿಸುತ್ತೇವೆ, ಹತ್ತಿರ’ ಎನ್ನುವುದು ಮುಂಬಯಿಯವರ ಮಟ್ಟಿಗೆ ನಿಜವಲ್ಲ. ಸಮಯ ತಿನ್ನುವುದು ದೂರವಲ್ಲ, ನಿಲುಗಡೆ.

ಒಟ್ಟು ಸಮಯಕ್ಕೆ ತುಂಡುಗಳನ್ನು ಕೂಡುತ್ತಾ ಹೋಗಬೇಡಿ. ಮೊದಲ ನಿಲ್ದಾಣ ಬಿಡುವ ಸಮಯ, ಕೊನೆಯ ನಿಲ್ದಾಣ ಮುಟ್ಟುವ ಸಮಯ ಎರಡನ್ನೇ ಭಾರತದ ಗಡಿಯಾರಕ್ಕೆ ತಂದು ಕಳೆಯಿರಿ. ನಡುವಿನ ಊರಿನ ಗಡಿಯಾರ ಬೇಕಾಗುವುದು ನಿಲುಗಡೆ ಎಷ್ಟು ಎಂದು ನೋಡಲು ಮಾತ್ರ, ಆಗ ಎರಡೂ ಸಮಯ ಅದೇ ಊರಿನವಾದ್ದರಿಂದ ನೇರ ಕಳೆದರೆ ಸಾಕು.

ಎರಡು ವಿಮಾನಗಳೂ ಒಂದೇ ಪಿಎನ್‌ಆರ್‌ನಲ್ಲಿವೆಯೇ? ಇದು ಒಂದೂವರೆ ಗಂಟೆಯ ನಿಲುಗಡೆ ಸಾಕೋ ಸಾಲದೋ ಎನ್ನುವುದನ್ನು ತೀರ್ಮಾನಿಸುತ್ತದೆ. ಒಂದೇ ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಏರ್‌ಲೈನ್‌ನದು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಹೊಣೆ ನಿಮ್ಮದು, ಜೊತೆಗೆ ಲಗೇಜ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಅಗ್ಗದ ಟಿಕೆಟ್‌ನಲ್ಲಿ ಮುಂಬಯಿಯ ಟರ್ಮಿನಲ್ 1ಕ್ಕೆ (ಟಿ1) ಬಂದು, ಸಹಾರದಲ್ಲಿರುವ ಟರ್ಮಿನಲ್ 2ಕ್ಕೆ (ಟಿ2) ರಸ್ತೆಯಲ್ಲಿ ಹೋಗುವುದಿದ್ದರೆ ಐದು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಏಳು ಇರಲಿ.

ಹಂತ 8: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ಮೊದಲು ದಿನಾಂಕ. ಯುರೋಪ್, ಅಮೆರಿಕದ ಹಾರಾಟಗಳು ಮುಂಬಯಿಯಿಂದ ಹೆಚ್ಚಾಗಿ ನಡುರಾತ್ರಿಯ ನಂತರ ಹೊರಡುತ್ತವೆ. ಟಿಕೆಟ್‌ನಲ್ಲಿ 15ನೇ ತಾರೀಕು 00:45 ಎಂದಿದ್ದರೆ ನೀವು ಮನೆ ಬಿಡುವುದು 14ರ ಸಂಜೆ. 15ರ ರಾತ್ರಿ ಸೂಟ್‌ಕೇಸ್ ಹಿಡಿದು ಸಹಾರಕ್ಕೆ ಹೋದವರ ವಿಮಾನ ಅಷ್ಟರಲ್ಲಿ ಹೋಗಿ ಇಡೀ ದಿನವಾಗಿರುತ್ತದೆ. ಕ್ಯಾಲೆಂಡರ್‌ನಲ್ಲಿ ಹಾರಾಟದ ಸಮಯ ಬರೆಯಬೇಡಿ, ‘14, ಸಂಜೆ 7:00, ಮನೆ ಬಿಡುವುದು’ ಎಂದು ಬರೆಯಿರಿ. ಕ್ಯಾಬ್ ಮುಂಗಡವಾಗಿ ಹೇಳುವಾಗಲೂ 14 ಎಂದೇ ಹೇಳಿ. ಫೋನಿನ ಕ್ಯಾಲೆಂಡರ್ ನಂಬುವವರು ವಿದೇಶಕ್ಕೆ ಇಳಿದ ಕೂಡಲೇ ಅದು ಎಲ್ಲ ನಮೂದುಗಳನ್ನೂ ಅಲ್ಲಿನ ಸಮಯಕ್ಕೆ ಸರಿಸಿ ತೋರಿಸಬಹುದು ಎನ್ನುವುದನ್ನು ನೆನಪಿಡಿ. ಹಿಂದಿರುಗುವ ಟಿಕೆಟ್ ಸಮಯವನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಅಂತಾರಾಷ್ಟ್ರೀಯ ಹಾರಾಟಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಬಹುತೇಕ ಏರ್‌ಲೈನ್‌ಗಳ ಕೌಂಟರ್ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಡೊಂಬಿವಲಿಯಿಂದ ಐರೋಲಿ ಸೇತುವೆ ದಾಟಿ ಬರುವವರು ಸಂಜೆಯ ಹೊತ್ತಿಗೆ ಎರಡು ಗಂಟೆ ಹಿಡಿಯಲಿ. ಮೆಟ್ರೊ 3ಕ್ಕೆ ಎರಡೂ ಟರ್ಮಿನಲ್‌ಗಳಲ್ಲಿ ಸ್ಟೇಷನ್ ಇದೆ, ಹೋಗುವಾಗ ಅನುಕೂಲ. ಬೆಳಗಿನ ಜಾವ ಮೂರಕ್ಕೆ ಇಳಿದವರಿಗೆ ಅದು ಸಿಗದು.

ಪುಣೆಯವರ ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. ಎಕ್ಸ್‌ಪ್ರೆಸ್‌ವೇ ಇರುವುದು 94.5 ಕಿ.ಮೀ., ಆದರೆ ಕೋಥ್ರೂಡ್‌ನಿಂದ ಸಹಾರಕ್ಕೆ ಸುಮಾರು 150. ಖಂಡಾಳ ಘಾಟ್‌ನಲ್ಲಿ ಶುಕ್ರವಾರ ಸಂಜೆ ಮತ್ತು ಮಳೆಯ ದಿನ ಲಾರಿಗಳ ಸಾಲು ನಿಂತುಬಿಡುತ್ತದೆ, ಹಾಗಾಗಿ ನಾಲ್ಕು ಗಂಟೆ. 15ರ 02:30ರ ಲಂಡನ್ ವಿಮಾನಕ್ಕೆ 14ರ ಸಂಜೆ 19:00ಕ್ಕೆ ಹೊರಟರೆ 23:00ಕ್ಕೆ ಟಿ2. ಚಳಿಗಾಲದ ಹಾರಾಟ ಮುಗಿದು ಹೀಥ್ರೋ ಮುಟ್ಟುವುದು ಭಾರತದ 12:40ಕ್ಕೆ. ಇಮಿಗ್ರೇಷನ್, ಲಗೇಜ್ ಒಂದೂವರೆ ಗಂಟೆ: 14:10. ಅಲ್ಲಿಂದ ಮನೆಗೆ ಒಂದು ಗಂಟೆ: 15:10. ಬಾಗಿಲಿನಿಂದ ಬಾಗಿಲಿಗೆ 20 ಗಂಟೆ 10 ನಿಮಿಷ, ಅದರಲ್ಲಿ ವಿಮಾನದ್ದು ಅರ್ಧ ಮಾತ್ರ. ಆಗ ಲಂಡನ್‌ನ ಗಡಿಯಾರದಲ್ಲಿ ಬೆಳಿಗ್ಗೆ 9:40. ಕರೆದುಕೊಂಡು ಹೋಗಲು ಬರುವವರಿಗೆ ವಿಮಾನ ಇಳಿಯುವ 7:10 ಹೇಳಿ ಕಾಯಿಸುವ ಬದಲು ‘ಎಂಟು ನಲವತ್ತಕ್ಕೆ ಹೊರಗೆ ಬರುತ್ತೇವೆ’ ಎಂದು ಹೇಳಿ. ಅಲ್ಲಿ ಕಾದಷ್ಟೂ ಪಾರ್ಕಿಂಗ್ ಶುಲ್ಕ ಏರುತ್ತದೆ.